ಬ್ರೀದರ್ ಫಿಲ್ಟರ್ ಬಿಚ್ಚದೇನೇ "ಚೆಕ್ಡ್, ಓಕೆ" ಅಂತ ಬರೆದು ದುಡ್ಡು ತಗೊಂಡ ಬಗ್ಗೆ ದೂರು

ಸರ್ವೀಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಫೋನ್ ಮಾಡಿ ಮಾಡಿ ಸಾಕಾಗಿ ಬರೀತಿದೀನಿ. ಆರು ಸಲ ಮಾಡಿದೀನಿ, ಆರು ಸಲಾನೂ "ಮ್ಯಾನೇಜರ್ ಮೀಟಿಂಗಲ್ಲಿದಾರೆ, ಅವರೇ ಮಾಡ್ತಾರೆ ಸರ್" ಅಂದ್ರು, ಒಂದು ಸಲಾನೂ ಮಾಡ್ಲಿಲ್ಲ.

ನನ್ನದು ಎರಡು ಲೀಟರ್ ಎಂಜಿನ್ನಿನ ಡೀಸೆಲ್ ಗಾಡಿ, 1,18,000 ಕಿಲೋಮೀಟರ್ ಓಡಿದೆ. ಎಂಜಿನ್ ಮೇಲಿನ ಮುಚ್ಚಳ, ಅಂದ್ರೆ ರಾಕರ್ ಕವರ್ ಹತ್ರ ಆಯಿಲ್ ಒಸರ್ತಿದೆ ಅಂತ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಂಗಳೂರಿಗೆ ನಿಮ್ಮಲ್ಲಿಗೆ ತಂದೆ. ಪ್ಯಾಕಿಂಗ್ ಹೋಗಿದೆ ಅಂದ್ರಿ, ಹಾಕಿಸ್ದೆ. ಎರಡು ತಿಂಗಳಿಗೆ ಮತ್ತೆ ಅದೇ ಜಾಗದಲ್ಲಿ ಆಯಿಲ್. ಮತ್ತೆ ಇಳಿದು ಬಂದೆ, ಮತ್ತೆ ಹೊಸ ಪ್ಯಾಕಿಂಗ್ ಹಾಕಿ ಮತ್ತೆ ಬಿಲ್ ಕೊಟ್ರಿ. ಎರಡೂ ಸೇರಿ 11,400 ರೂಪಾಯಿ.

ಒಳಗಿನ ಪ್ರೆಶರ್ ಹೊರಗೆ ಹೋಗೋಕೆ ದಾರಿ ಇಲ್ದಿದ್ರೆ ಎಷ್ಟು ಪ್ಯಾಕಿಂಗ್ ಹಾಕಿದ್ರೂ ಆಯಿಲ್ ಹೊರಗೆ ಬಂದೇ ಬರತ್ತೆ ಅನ್ನೋದು ನಿಮಗೆ ಗೊತ್ತಿರೋ ವಿಷಯ. ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಗ್ಯಾಸ್ ಯಾವಾಗ್ಲೂ ಕೆಳಗೆ ಇಳಿಯತ್ತೆ, ಅದು ಆಯಿಲ್ ಹನಿ ಹೊತ್ಕೊಂಡು ಮೇಲೆ ಬರತ್ತೆ, ಬ್ರೀದರ್ ಫಿಲ್ಟರ್ ಆಯಿಲ್ ಹಿಡಿದು ಕೆಳಕ್ಕೆ ಬಿಟ್ಟು ಗ್ಯಾಸ್ ಮಾತ್ರ ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಭಾಗ) ಕಡೆ ಕಳಿಸತ್ತೆ. ಅದು ಕಟ್ಕೊಂಡ್ರೆ ಎಲ್ಲಿ ಸೀಲ್ ಸಡಿಲ ಇದೆಯೋ ಅಲ್ಲಿಂದ ಆಯಿಲ್ ನುಗ್ಗತ್ತೆ, ಟರ್ಬೋದಿಂದ ಕೆಳಗೆ ಇಳೀಬೇಕಾದ ಆಯಿಲ್ಲೂ ಇಳಿಯಲ್ಲ. ಇದನ್ನ ನೀವು ನನಗೆ ಹೇಳ್ಬೇಕಿತ್ತು, ನಾನು ನಿಮಗೆ ಬರೆಯೋ ಹಾಗಾಗಿದೆ.

ಎರಡನೇ ಸಲ ಬಂದಾಗ ಕೌಂಟರ್‌ನಲ್ಲಿ ಏನಾಯ್ತು ಅಂತ ಪೂರ್ತಿ ಬರೀತೀನಿ, ಯಾಕಂದ್ರೆ ಅದು ಇನ್ನೂ ಹೊಟ್ಟೆಯೊಳಗೆ ಉರೀತಿದೆ. ಬೆಳಿಗ್ಗೆ ಹನ್ನೊಂದು ಗಂಟೆ. ನನ್ನ ಹಿಂದೆ ನಾಲ್ಕೈದು ಜನ ಇದ್ರು, ಒಬ್ರು ಮಗು ಎತ್ಕೊಂಡು ನಿಂತಿದ್ರು. ನಾನು ಮರ್ಯಾದೆಯಿಂದಾನೇ ಕೇಳಿದೆ, "ಸರ್, ಬ್ರೀದರ್ ಫಿಲ್ಟರ್ ಒಂದು ಸಲ ಬಿಚ್ಚಿ ನೋಡ್ತೀರಾ?" ನಿಮ್ಮ ಅಡ್ವೈಸರ್ ಕಂಪ್ಯೂಟರಿಂದ ಮುಖಾನೇ ಎತ್ಲಿಲ್ಲ. "ಏರ್ ಫಿಲ್ಟರ್ ಹೋದ್ ಸಲಾನೇ ಚೇಂಜ್ ಆಗಿದೆ." ಏರ್ ಫಿಲ್ಟರ್ ಅಲ್ಲ ಸರ್, ಬ್ರೀದರ್ ಅಂದೆ. "ಆ ತರ ಫಿಲ್ಟರ್ ಈ ಗಾಡೀಲಿ ಬರೋದೇ ಇಲ್ಲ." ರಾಕರ್ ಕವರ್ ಮೇಲೆ ನಾಲ್ಕು ಬೋಲ್ಟಿನ ಕಪ್ಪು ಮುಚ್ಚಳ ಇದೆಯಲ್ಲ ಸರ್, ಅದರೊಳಗೆ ಅಂದೆ. ಆಗ ಪಕ್ಕದ ಸೀಟಿನವರ ಕಡೆ ತಿರುಗಿ, ಜೋರಾಗಿ, ಎಲ್ಲರಿಗೂ ಕೇಳೋ ಹಾಗೆ, "ಎಲ್ಲಾ ಯೂಟ್ಯೂಬ್ ನೋಡ್ಕೊಂಡು ಬಂದು ನಮಗೇ ಪಾಠ ಮಾಡ್ತಾರೆ ಮಾರಾಯ" ಅಂದ್ರು. ಇಬ್ರೂ ನಕ್ರು. ಹಿಂದೆ ನಿಂತವರಲ್ಲೂ ಒಬ್ಬರು ನಕ್ರು. ಐವತ್ನಾಲ್ಕು ವರ್ಷ ನನಗೆ. ಬಿಲ್ ಕಟ್ಟಿ ತಲೆ ತಗ್ಗಿಸ್ಕೊಂಡು ಹೊರಗೆ ಬಂದೆ.

ಮನೆಗೆ ಬಂದು, ಗಾಡಿಗೆ ಏನೇನು ಕೆಲಸ ಮಾಡಿದ್ರಿ ಅಂತ ನೀವು ಬರೆದ ಜಾಬ್ ಕಾರ್ಡ್ ಓದಿದ್ರೆ ಹನ್ನೆರಡನೇ ಸಾಲು: "ಬ್ರೀದರ್ ಫಿಲ್ಟರ್ – ಚೆಕ್ಡ್, ಓಕೆ", ಮುಂದೆ ಟಿಕ್, ಕೆಳಗೆ ಸಹಿ. ಗಾಡೀಲಿ ಇಲ್ಲವೇ ಇಲ್ಲ ಅಂದ ಫಿಲ್ಟರನ್ನ ಯಾರು, ಎಲ್ಲಿ ನೋಡಿದ್ರು? ಇದಕ್ಕೆ ನನಗೆ ಉತ್ತರ ಬೇಕು.

ಹೋದ ತಿಂಗಳು ಅಮ್ಮನಿಗೆ ಮಣಿಪಾಲದಲ್ಲಿ ಕಣ್ಣು ತೋರಿಸ್ಕೊಂಡು ವಾಪಸ್ ಬರ್ತಾ ಆಗುಂಬೆ ಘಾಟಿ ಹತ್ತುವಾಗ ಹಿಂದಿಂದ ನೀಲಿ ಹೊಗೆ, ಅಂದ್ರೆ ಆಯಿಲ್ ಉರಿಯೋ ಹೊಗೆ ಶುರುವಾಯ್ತು, ಮಳೆ ಬೇರೆ, ಹಿಂದಿನ ಗಾಡಿಯವರು ಹಾರ್ನ್ ಹೊಡೀತಿದ್ರು, ಆ ತಿರುವುಗಳಲ್ಲಿ ನಿಲ್ಲಿಸೋಕೂ ಜಾಗ ಇಲ್ಲ. ಡೀಸೆಲ್ ಎಂಜಿನ್ ತನ್ನ ಆಯಿಲನ್ನ ತಾನೇ ಎಳ್ಕೊಂಡು ಉರಿಸೋಕೆ ಶುರು ಮಾಡಿದ್ರೆ ಕೀ ಆಫ್ ಮಾಡಿದ್ರೂ ನಿಲ್ಲದೇ ಇರಬಹುದು. ಗಾಡೀಲಿ ಎಪ್ಪತ್ತೊಂಬತ್ತು ವರ್ಷದ ಅಮ್ಮ ಇದ್ರು. ಹೆಂಗೆ ಮನೆ ಸೇರಿದೆ ಅಂತ ನನಗೆ ಗೊತ್ತು.

ಮರುದಿನ ನಮ್ಮೂರ ಗ್ಯಾರೇಜಿನವರು ಎಂಜಿನ್ ಐಡ್ಲಿಂಗಲ್ಲಿಟ್ಟು ಆಯಿಲ್ ಕ್ಯಾಪ್ ಬಿಚ್ಚಿ ಸುಮ್ನೆ ಬಾಯಿ ಮೇಲೆ ಇಟ್ರು. ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಕುಣಿದು ಪಕ್ಕಕ್ಕೆ ಬಿತ್ತು. ಡೀಸೆಲಲ್ಲಿ ಸ್ವಲ್ಪ ಗಾಳಿ ಬರೋದು ಸಹಜ, ಇಷ್ಟು ಬರಬಾರದು ಅಂದ್ರು. ಆಮೇಲೆ ಬ್ರೀದರ್ ಮುಚ್ಚಳ ತೋರಿಸಿದ್ರು: ಎರಡು ಬೋಲ್ಟಿನ ತಲೆ ಮೇಲೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಒಣಗಿ ಬಿರುಕು ಬಿಟ್ಟ ಹಳೇ ಗೂಡು. ಅದನ್ನ ಒಡೀದೆ ಆ ಬೋಲ್ಟಿಗೆ ಸ್ಪ್ಯಾನರ್ ಕೂರೋದೇ ಇಲ್ಲ. ಫೋಟೋ ತೆಗೆದ ಮೇಲೇನೇ ಒಡೆಸಿದೆ. ಒಳಗಿದ್ದ ಫಿಲ್ಟರ್ ಸುಟ್ಟ ಜೋನಿಬೆಲ್ಲದಲ್ಲಿ ಅದ್ದಿದ ಹಾಗೆ ಕಪ್ಪಾಗಿ ಅಂಟಂಟಾಗಿತ್ತು, ಬೆರಳಿಟ್ಟು ಎತ್ತಿದ್ರೆ ನೂಲು ಬರ್ತಿತ್ತು. ಹೊಸಾ ಫಿಲ್ಟರಿಗೆ 2,650 ರೂಪಾಯಿ, ಅರ್ಧ ಗಂಟೆ ಕೆಲಸ. ಹಾಕಿದ ಮೇಲೆ ಅದೇ ಕ್ಯಾಪ್ ಅದೇ ಜಾಗದಲ್ಲಿ ಅಲುಗಾಡದೆ ಕೂತಿತ್ತು, ಅಂದ್ರೆ ಪಿಸ್ಟನ್ ರಿಂಗ್ ಸರಿಯಾಗೇ ಇದೆ. ಆದ್ರೆ ಟರ್ಬೋದಿಂದ ಬರೋ ಗಾಳಿ ತಣಿಸೋ ಇಂಟರ್‌ಕೂಲರ್ ಪೈಪ್ ಬಿಚ್ಚಿದ್ರೆ ಒಂದು ಲೋಟದಷ್ಟು ಆಯಿಲ್ ಸುರೀತು, ಟರ್ಬೋ ಶಾಫ್ಟ್ ಸವೆದು ಸಡಿಲಾಗಿ ಆಡ್ತಿದೆ. ಅದಕ್ಕೆ 86,000 ಆಗತ್ತೆ ಅಂತ ಎಸ್ಟಿಮೇಟ್.

ನನಗೆ ಬೇಕಾಗಿರೋದು ಎರಡು ಪ್ಯಾಕಿಂಗ್ ಬಿಲ್ಲಿನ ದುಡ್ಡು ವಾಪಸ್, ಟರ್ಬೋ ಖರ್ಚು, ಮತ್ತೆ ಆ ಹನ್ನೆರಡನೇ ಸಾಲಿಗೆ ಟಿಕ್ ಹಾಕಿದವರ ಸಹಿಯಿರೋ ಲಿಖಿತ ಉತ್ತರ. ಕೂಪನ್, ಫ್ರೀ ವಾಶ್ ಅಂತ ಫೋನ್ ಮಾಡಿಸ್ಬೇಡಿ.

ಹದಿನೈದು ದಿನ ಕಾಯ್ತೀನಿ. ಆಮೇಲೆ ಶಿವಮೊಗ್ಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ವಕೀಲರೂ ಬೇಕಿಲ್ಲ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ಇಷ್ಟು ದಿನ ನಾನು ಘಾಟಿ ಇಳಿದು ನಿಮ್ಮ ಹತ್ರ ಬಂದೆ, ಇನ್ನು ವಾಯಿದೆಗೆಲ್ಲ ನೀವು ಹತ್ತಿ ಬರಬೇಕು. ಜಾಬ್ ಕಾರ್ಡ್, ಗೂಡಿನ ಫೋಟೋ ಎಲ್ಲಾ ಪ್ರಿಂಟ್ ತೆಗೆಸಿಟ್ಟಿದೀನಿ, ಹಳೇ ಫಿಲ್ಟರನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಭದ್ರವಾಗಿಟ್ಟಿದೀನಿ. ಆಯೋಗದ ಮುಂದೆ ಆ ಡಬ್ಬಿ ಮುಚ್ಚಳ ತೆಗೀತೀನಿ, ಆಗ ನಿಮ್ಮ ಅಡ್ವೈಸರ್ ಅಲ್ಲಿ ನಿಂತು ಈ ಗಾಡೀಲಿ ಆ ತರ ಫಿಲ್ಟರ್ ಬರೋದೇ ಇಲ್ಲ ಅಂತ ಇನ್ನೊಂದು ಸಲ ಹೇಳ್ಲಿ.

ಇಂತಿ,
ನಿಮ್ಮಲ್ಲಿ ಎರಡು ಸಲ ಬಿಲ್ ಕಟ್ಟಿದ ಗ್ರಾಹಕ
ತೀರ್ಥಹಳ್ಳಿ