ರಿಚ್ಮಂಡಿನಿಂದ ಚಿಕ್ಕಪ್ಪನಿಗೆ

ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಮೊನ್ನೆ ಇಂಡಿಯಾನಾದ ರಿಚ್ಮಂಡ್ ಅನ್ನೋ ಊರಿಗೆ ಹೋಗಿದ್ದೆ. ನಮ್ಮ ಮನೇಲಿ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದಿದವರು ನೀವೊಬ್ಬರೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಅಮೆರಿಕದ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲ ಸಲ ರೆಕಾರ್ಡಿಗೆ ಊದಿದ್ದು ಇಲ್ಲೇ, 1923ರ ಏಪ್ರಿಲ್‌ನಲ್ಲಿ. ಆಗ ಅವನಿಗೆ 21 ವರ್ಷ. ಗುರು ಕಿಂಗ್ ಆಲಿವರ್ ತನ್ನ ತಂಡವನ್ನು ಷಿಕಾಗೋದಿಂದ ಕರೆದುಕೊಂಡು ಬಂದಿದ್ದ. ಜೆನೆಟ್ ಕಂಪನಿಯ ಸ್ಟುಡಿಯೋ ಇದ್ದದ್ದು ಹೊಳೆ ಪಕ್ಕದ ಪಿಯಾನೋ ಕಾರ್ಖಾನೆಯ ಆವರಣದಲ್ಲಿ. ಹತ್ತಿರವೇ ರೈಲು ಹಳಿ. ಗಾಡಿ ಬಂದರೆ ಎಲ್ಲ ನಿಲ್ಲಿಸಿ ಕಾಯಬೇಕು! ಈಗ ಅಲ್ಲಿ ಕಾರ್ಖಾನೆಯ ಸ್ವಲ್ಪ ಭಾಗ ಮಾತ್ರ ಉಳಿದಿದೆ. ಕಲಾವಿದರ ಮುಖಗಳನ್ನು ನೆಲದ ಮೇಲೆ ಮೊಸಾಯಿಕ್‌ನಲ್ಲಿ ಮಾಡಿಟ್ಟಿದ್ದಾರೆ.

ಆಗ ಮೈಕ್ ಇಲ್ಲ. ಎಲ್ಲರೂ ಒಂದು ದೊಡ್ಡ ಕಹಳೆಯ ಬಾಯಿಗೆ ನುಡಿಸಬೇಕು. ಆ ಸದ್ದಿನ ಕಂಪನಕ್ಕೇ ಸೂಜಿ ಮೇಣದ ತಟ್ಟೆ ಕೊರೆಯುತ್ತಿತ್ತು. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ್ದೂ ಇಂಥ ಕಹಳೆಗೇ. ಅವರು ತೀರಿಕೊಂಡದ್ದು ನಮ್ಮ ಮೈಸೂರಲ್ಲೇ ಅಲ್ವಾ? ಜೋರಾಗಿ ಡ್ರಮ್ ಬಾರಿಸಿದರೆ ಸೂಜಿ ಎಗರುತ್ತೆ ಅಂತ ತಂಡದ ಡ್ರಮ್ಮರ್ ಬೇಬಿ ಡಾಡ್ಸ್ ಮರದ ತುಂಡು ಕುಟ್ಟಿದ. ಆರ್ಮ್‌ಸ್ಟ್ರಾಂಗ್‌ನದು ಜಾಸ್ತಿ ಜೋರು. ಅದಕ್ಕೆ ಅವನನ್ನು ಎಲ್ಲರಿಗಿಂತ ದೂರ, ಹಿಂದೆ ನಿಲ್ಲಿಸಿದರು ಅಂತ ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್ ಆಮೇಲೆ ನೆನಪಿಸಿಕೊಂಡಿದ್ದಾಳೆ. ಮರುವರ್ಷ ಅವನನ್ನೇ ಮದುವೆಯಾದಳು.

ಆಗ ಅವನದು ಎರಡನೇ ಕಾರ್ನೆಟ್, ಟ್ರಂಪೆಟ್ಟಿನಂಥದೇ ವಾದ್ಯ. ಅಂದರೆ ಗುರು ಮುಂದೆ ಹೋಗಬೇಕು, ಇವನು ಕೆಳಗಿನ ಸ್ವರ ಹಿಡಿದು ಹಿಂಬಾಲಿಸಬೇಕು. ಆ ಕೆಲಸ ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ. ತಂಡ ತಟ್ಟನೆ ನಿಂತಾಗ ಇಬ್ಬರೇ ಜೋಡಿಯಾಗಿ ಊದುವ ಜಾಗಗಳಿವೆ. ಒಬ್ಬನೇ ಎರಡು ಬಾಯಿಂದ ಊದಿದ ಹಾಗಿದೆ. 'ಚೈಮ್ಸ್ ಬ್ಲೂಸ್' ಅರ್ಧ ದಾಟಿದ ಮೇಲೆ ಹುಡುಗನಿಗೆ ಒಂಟಿಯಾಗಿ ಊದೋಕೆ ಬಿಟ್ಟಿದ್ದಾರೆ. ರೆಕಾರ್ಡಿನಲ್ಲಿ ಅವನ ಮೊದಲ ಸೋಲೋ ಅದೇ. ದೊಡ್ಡ ಕಸರತ್ತೇನಿಲ್ಲ. ಒಂದೇ ಪಲುಕನ್ನು ಸ್ವಲ್ಪ ಸ್ವಲ್ಪ ಬದಲಿಸಿ ಊದುತ್ತಾನೆ. ಆದರೆ ತಾಳದ ಮೇಲೆ ಅವನು ಒರಗುವ ರೀತಿಯೇ ಬೇರೆ, ಉಳಿದವರು ಅವಸರದಲ್ಲಿದ್ದಾರೆ ಅನ್ನಿಸುತ್ತದೆ.

1925ರಲ್ಲಿ ಅವನು ತನ್ನದೇ 'ಹಾಟ್ ಫೈವ್' ತಂಡ ಕಟ್ಟಿದ. 1928ರ 'ವೆಸ್ಟ್ ಎಂಡ್ ಬ್ಲೂಸ್'ನಲ್ಲಿ ಪಕ್ಕವಾದ್ಯವೇ ಇಲ್ಲದೆ ಶುರು ಮಾಡುತ್ತಾನೆ. ಎಲ್ಲರೂ ಹೊಗಳೋದು ಅದನ್ನೇ, ಸರಿಯಾಗಿಯೇ ಇದೆ. ನನಗೆ ಮಾತ್ರ 1923ರವೇ ಇಷ್ಟ. ಗರಗರ ಸದ್ದಿನ ಹಿಂದೆ ಅವನನ್ನು ಹುಡುಕಿ ಕೇಳೋದೇ ಒಂದು ಮಜಾ.

ಎಲ್ಲವನ್ನೂ ವಾಟ್ಸಾಪ್ ಮಾಡಿದ್ದೇನೆ. ಫೋನಿನ ಸ್ಪೀಕರಲ್ಲಿ ಬೇಡ, ಪುಟ್ಟನ ಹೆಡ್‌ಫೋನ್ ಇಸಕೊಳ್ಳಿ. ಜೋಡಿ ಊದುವಲ್ಲಿ ಗುರು ಯಾರು, ಶಿಷ್ಯ ಯಾರು ಅಂತ ನಿಮಗೆ ಗೊತ್ತಾದರೆ ಭಾನುವಾರ ಫೋನಲ್ಲಿ ಹೇಳಿ. ಚಿಕ್ಕಮ್ಮನ ಮಂಡಿನೋವು ಹೇಗಿದೆ?

ಇಂತಿ ನಿಮ್ಮ,
ರಘು