ಕೊಳೆ ಬಾರದ ವರ್ಷ

ಶಿರಸಿ

ಪ್ರೀತಿಯ ಕೂಸೇ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಕೇಳಿ ನಗು ಬಂತು. ಟೀಮಿಗೆ ಲೀಡ್ ಆದಮೇಲೆ ಶುಕ್ರವಾರ ಬಂದರೆ ಟೀಮಿನವರಿಗೆಲ್ಲ ಥ್ಯಾಂಕ್ಸ್ ಮೇಲ್ ಹಾಕಬೇಕಂತೆ. ನೀನು ಒಂದೇ ಒಕ್ಕಣೆ ಬರೆದಿಟ್ಟುಕೊಂಡು ಹೆಸರು ಮಾತ್ರ ಬದಲಿಸುತ್ತೀಯಂತೆ! ಅದಕ್ಕಿಂತ ಬರೆಯದೇ ಇರುವುದೇ ವಾಸಿ. ಜನರಿಗೆ ಅಷ್ಟೂ ಗೊತ್ತಾಗುವುದಿಲ್ವಾ?

ನಮ್ಮ ಅಡಿಕೆ ತೋಟದ್ದೇ ಹೇಳುತ್ತೇನೆ. ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲಿನ ದಿನ, ಮರ ಹತ್ತಿ ಕೊಯ್ಯುವ ಕೊನೆಗೌಡನಿಗೆ ಎಷ್ಟು ಉಪಚಾರ, ನೋಡಿದ್ದೀಯಲ್ಲ. ಮರದಿಂದ ಮರಕ್ಕೆ ಜೀಕುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಆದರೆ ಆ ಅಡಿಕೆಯನ್ನು ಮರದಲ್ಲಿ ಉಳಿಸಿದವನು ಬೇರೆ. ಮಳೆ ಹಿಡಿಯುವ ಮೊದಲೇ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ಔಷಧಿ ಹೊಡೆಯಬೇಕು. 40-45 ದಿನಕ್ಕೆ ಇನ್ನೊಮ್ಮೆ, ಅದೂ ಮಳೆ ಹೊಳವಾದ ಹೊತ್ತು ನೋಡಿಕೊಂಡು. ಜಾರುವ ಮರ, ಕಾಲಿಗೆ ರಕ್ತ ಹೀರುವ ಉಂಬಳ, ಮೈಕೈಯೆಲ್ಲ ನೀಲಿ. ಇಷ್ಟೆಲ್ಲ ಸರಿಯಾಗಿ ಮಾಡಿದರೆ ಏನಾಗುತ್ತದೆ ಹೇಳು? ಏನೂ ಆಗುವುದಿಲ್ಲ. ಕಾಯಿ ಕೊಳೆತು ಉದುರುವ ಕೊಳೆರೋಗ ಬರುವುದಿಲ್ಲ, ಅಷ್ಟೇ. ಕೊಳೆ ಬಂದ ವರ್ಷ ಔಷಧಿ ಹೊಡೆದವನನ್ನು ಬೈಯದವರಿಲ್ಲ. ಬಾರದ ವರ್ಷ ಅವನ ನೆನಪೇ ಯಾರಿಗೂ ಇರುವುದಿಲ್ಲ.

ನಿನ್ನ ಅಜ್ಜನಿಗೆ ಇರುತ್ತಿತ್ತು. ಚೌತಿ ಹೊತ್ತಿಗೆ ಅವನನ್ನು ಜಗಲಿಗೆ ಕರೆದು ಕೂರಿಸಿ, ಕುಡಿಯಲು ಆಸರಿಗೆ ಕೊಟ್ಟು, ಕವಳದ ಬಟ್ಟಲು ಮುಂದೆ ಸರಿಸಿ ಹೇಳುತ್ತಿದ್ದರು: "ಹಳ್ಳದ ಬದಿಯ ಸಾಲಿಗೆ ಕೊಳೆ ತಪ್ಪಿದ್ದೇ ಇಲ್ಲ. ಈ ಸಲ ಆ ಮರಗಳ ಬುಡದಲ್ಲಿ ಕಾಯಿ ಉದುರಿಲ್ಲ ನೋಡು. ಕೊನೆಯ ಒಳಗೂ ತಾಗುವ ಹಾಗೆ ಹೊಡೆದಿದ್ದೀಯ." ಅವನು ಕವಳ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಿಧಾನಕ್ಕೆ, "ಹೆಗಡೇರೇ, ನೀರು ಬಸಿಯುವ ಆ ಕಾದಿಗೆಯ ಹೂಳು ತೆಗೆಸಿ. ನೀರು ನಿಂತರೆ ಔಷಧಿ ಏನು ಮಾಡೀತು?" ಅನ್ನುತ್ತಿದ್ದ. ಬೈಗುಳ ತಿಂದವನು ಇಂಥ ಮಾತು ಹೇಳಲು ಬಾಯಿ ಬಿಡುತ್ತಿದ್ದನಾ? ಅಜ್ಜನಿಗೆ ಅದೇ ದೊಡ್ಡ ಲಾಭ ಅಂತ ನನಗೆ ಈಗಲೂ ಅನಿಸುತ್ತದೆ.

ನಿನ್ನ ಟೀಮಿನಲ್ಲೂ ಅಂಥವರು ಇರುತ್ತಾರೆ. ರಾತ್ರಿ ಸರ್ವರ್ ಬೀಳದ ಹಾಗೆ ನೋಡಿಕೊಂಡವರು, ತಪ್ಪು ಗ್ರಾಹಕರ ತನಕ ಹೋಗುವ ಮೊದಲೇ ಹಿಡಿದವರು. ಅವರು ಏನು ಮಾಡಿದರು, ಅದರಿಂದ ಏನು ತಪ್ಪಿತು ಅಂತ ಬಿಡಿಸಿ ಹೇಳು. ಕೆಲವರಿಗೆ ಎಲ್ಲರೆದುರು ಹೊಗಳಿಸಿಕೊಳ್ಳುವುದೆಂದರೆ ಮುಜುಗರ, ಅವರ ಹತ್ತಿರ ಹೋಗಿ ಹೇಳಿದರೆ ಸಾಕು. ಆದರೆ ದೊಡ್ಡವರ ಮೀಟಿಂಗಿನಲ್ಲಿ "ನಮ್ಮ ಟೀಮ್ ಮಾಡಿತು" ಅಂತ ತೇಲಿಸಬೇಡ. ಹೆಸರು ಹೇಳು.

ಇನ್ನೊಂದು. ಬರೀ ಬಾಯಿಮಾತಿಗೆ ಹೊಟ್ಟೆ ತುಂಬುವುದಿಲ್ಲ. ಅಜ್ಜ ಒಂದು ದಿನವೂ ಕೂಲಿ ಬಾಕಿ ಇಟ್ಟವರಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಆಗ ಕೇಳುವ ಮೊದಲೇ ಜಾತ್ರೆ ಖರ್ಚಿಗೆ ಕೊಡುತ್ತಿದ್ದರು. ಭಾನುವಾರ ದುಡಿಸಿಕೊಂಡೆಯಾ, ಬದಲಿಗೆ ರಜೆ ಕೊಡು. ಸಂಬಳ ಹೆಚ್ಚಿಸುವ ಹೊತ್ತಿಗೆ ಅವರ ಪರವಾಗಿ ವಾದ ಮಾಡು. ಅದು ನಿನ್ನ ಕೈಯಲ್ಲಿ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳು, ಮೇಲ್ ಕಳಿಸಿ ಸರಿದೂಗಿಸಲು ಹೋಗಬೇಡ.

ಈ ಶುಕ್ರವಾರ ಎಲ್ಲರಿಗೂ ಬೇಡ, ಇಬ್ಬರಿಗೆ ಬರೆ. ಯಾರಿಗೆ, ಏನು ಬರೆದೆ ಅಂತ ಭಾನುವಾರ ಫೋನ್ ಮಾಡಿದಾಗ ಓದಿ ಹೇಳು.

ನಿನ್ನ ಆಯಿ