ಆಳ ಹಿಮಕ್ಕೆಂದು ಮಾರ್ಪಡಿಸಿದ ಸ್ನೋಮೊಬೈಲ್: ಅರ್ಧ ಕೆಲಸ, ಪೂರ್ತಿ ಬಿಲ್ಲು

ಗೆ,
ವ್ಯವಸ್ಥಾಪಕರು, ಸೇವಾ ವಿಭಾಗ,
ರೆವೆಲ್‌ಸ್ಟೋಕ್, ಬ್ರಿಟಿಷ್ ಕೊಲಂಬಿಯಾ

ಮಾನ್ಯರೇ,

ವಿಷಯ: ಟ್ರ್ಯಾಕ್ ಮತ್ತು ಸಸ್ಪೆನ್ಷನ್ ಮಾರ್ಪಾಡಿನ ಲೋಪದ ಬಗ್ಗೆ ದೂರು

ಕಳೆದ ಡಿಸೆಂಬರ್‌ನಲ್ಲಿ ನೀವು ನನ್ನ ಸ್ನೋಮೊಬೈಲಿಗೆ 137 ಇಂಚಿನ ಹಳೆಯ ಟ್ರ್ಯಾಕ್ (ಯಂತ್ರವನ್ನು ಹಿಮದ ಮೇಲೆ ಓಡಿಸುವ ರಬ್ಬರ್ ಪಟ್ಟಿ) ತೆಗೆದು, ಅದು ಜಾರುವ ಹಳಿಗಳನ್ನು ಉದ್ದ ಮಾಡಿ, 154 ಇಂಚಿನ ಟ್ರ್ಯಾಕ್ ಹಾಕಿಕೊಟ್ಟಿರಿ. ಬಿಲ್ಲಿನಲ್ಲಿ ‘ಆಳ ಹಿಮಕ್ಕೆ ಸಂಪೂರ್ಣ ಸಜ್ಜು’ ಎಂದು ಬರೆದಿದೆ. ಆ ಮಾತನ್ನು ನಂಬಿಯೇ ನಾನು ಹಣ ಕಟ್ಟಿದೆ. ಈಗ ಯಂತ್ರ ಕೆಟ್ಟು ಶೆಡ್ಡಿನಲ್ಲಿ ನಿಂತಿದೆ.

ಮೊದಲು ಎಂಜಿನ್ ತಂಪಾಗಿಡುವ ಕೂಲರಿನ ವಿಷಯ. ಹಳೆಯ ಟ್ರ್ಯಾಕಿನ ಪ್ಯಾಡಲ್‌ಗಳ, ಅಂದರೆ ಹಿಮವನ್ನು ತಳ್ಳುವ ರಬ್ಬರ್ ಏಣುಗಳ, ಎತ್ತರ 1.75 ಇಂಚು, ಹೊಸದರದ್ದು 2.5. ಮುಕ್ಕಾಲು ಇಂಚು ಹೆಚ್ಚಾದಾಗ ಟನೆಲ್‌ನ (ಟ್ರ್ಯಾಕಿನ ಮೇಲಿನ ಲೋಹದ ಕವಚದ) ಮುಂಭಾಗದ ಕೂಲರಿಗೂ ಪ್ಯಾಡಲ್‌ಗಳಿಗೂ ನಡುವಿನ ಜಾಗ ಅಷ್ಟೇ ಕಡಿಮೆಯಾಗುತ್ತದೆ. ವೇಗದಲ್ಲಿ ಟ್ರ್ಯಾಕ್ ಹೊರಕ್ಕೆ ಉಬ್ಬುವುದರಿಂದ ಇನ್ನಷ್ಟು ಜಾಗ ಬೇಕು. ಟ್ರ್ಯಾಕನ್ನು ತಿರುಗಿಸುವ ಹಲ್ಲುಚಕ್ರವಾದ 9 ಹಲ್ಲಿನ ಡ್ರೈವರ್ ತೆಗೆದು 8 ಹಲ್ಲಿನದನ್ನು ಹಾಕಿದ್ದರೆ, ಈ ಟ್ರ್ಯಾಕಿನ 2.52 ಇಂಚಿನ ಪಿಚ್‌ಗೆ (ಹಲ್ಲು ಕೂರುವ ಜಾಗಗಳ ನಡುವಿನ ಅಂತರಕ್ಕೆ) ಸುಮಾರು ಒಂದು ಸೆಂಟಿಮೀಟರ್ ಜಾಗ ಸಿಗುತ್ತಿತ್ತು. ನೀವು ಹಳೆಯ ಡ್ರೈವರನ್ನೇ ಉಳಿಸಿದ್ದೀರಿ. ಪರಿಣಾಮವಾಗಿ ಪ್ಯಾಡಲ್‌ಗಳ ತುದಿ ಕೂಲರಿನ ಅಲ್ಯೂಮಿನಿಯಂ ಅನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುವ ಗೀರು ಮಾಡಿದೆ. ಆ ಗೀರಿನ ನಡುವೆಯೇ ತೂತು ಬಿದ್ದಿದೆ. ಕೂಲಂಟ್ ಪೂರ್ತಿ ಸೋರಿ ಎಂಜಿನ್ ಕಾದು ನಿಂತದ್ದು ರಸ್ತೆಯಿಂದ ಬಹಳ ದೂರದ ಬೆಟ್ಟದ ಮೇಲೆ, ಕತ್ತಲಾಗುವ ಹೊತ್ತಿಗೆ. ಜೊತೆಗಿದ್ದ ಸಹೋದ್ಯೋಗಿಯ ಯಂತ್ರ ಇಲ್ಲದಿದ್ದರೆ ಆ ರಾತ್ರಿ ನಾನು ಅಲ್ಲೇ ಕಳೆಯಬೇಕಾಗಿತ್ತು. ಇದನ್ನು ನಿಮ್ಮ ಕೌಂಟರಿನಲ್ಲಿ ‘ಬಳಕೆಯ ಸವೆತ’ ಎಂದು ಹೇಳಿ ನನ್ನನ್ನು ಸಾಗಹಾಕಿದರು. ಒಂದೇ ಋತುವಿನಲ್ಲಿ, ಪ್ಯಾಡಲ್ ತಾಗುವ ಜಾಗದಲ್ಲಿ ಮಾತ್ರ ಆಗುವ ಸವೆತ ಬಳಕೆಯದಲ್ಲ, ಅಳತೆ ನೋಡದೆ ಜೋಡಿಸಿದ್ದರದು.

ಸಸ್ಪೆನ್ಷನ್ ಕೆಲಸವೂ ಇದೇ ಬಗೆಯದು. ನನ್ನ ತೂಕ, ಸಲಕರಣೆಗಳ ತೂಕ ಎರಡನ್ನೂ ಬರೆದುಕೊಂಡವರು ಹಿಂಬದಿಯ ಸ್ಪ್ರಿಂಗ್‌ಗಳನ್ನು ಬದಲಿಸಲೇ ಇಲ್ಲ. ಸಸ್ಪೆನ್ಷನ್‌ನ ಮುಂಭಾಗ ಎಷ್ಟು ಕೆಳಗಿಳಿಯಬಹುದೆಂದು ಮಿತಿಗೊಳಿಸುವ ಲಿಮಿಟರ್ ಸ್ಟ್ರ್ಯಾಪ್ ಅನ್ನು ಕೊನೆಯ ತೂತಿನಲ್ಲಿ ಉದ್ದಕ್ಕೆ ಬಿಟ್ಟಿದ್ದೀರಿ. ಹೊಸ ಹಿಮದಲ್ಲಿ ಥ್ರಾಟಲ್ ಒತ್ತಿದ ಕೂಡಲೇ ಹಿಂಭಾಗ ಕುಸಿಯುತ್ತದೆ, ಸ್ಕೀಗಳು ಗಾಳಿಗೇಳುತ್ತವೆ, ಟ್ರ್ಯಾಕ್ ಹಿಮದ ಮೇಲೆ ತೇಲುವ ಬದಲು ಕೆಳಕ್ಕೆ ಕಾಲುವೆ ತೋಡುತ್ತದೆ. ಏರಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಯಂತ್ರ ತಿರುಗುವುದಿಲ್ಲ. ಹಿಮಕುಸಿತದ ಅಪಾಯವಿರುವ ಇಳಿಜಾರಿನ ಕೆಳಗೆ ಯಂತ್ರ ಹೂತು ನಿಲ್ಲುವುದೆಂದರೆ ಏನೆಂದು ಈ ಊರಿನಲ್ಲಿ ವರ್ಕ್‌ಶಾಪ್ ನಡೆಸುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಗಲವಾದ ಸ್ಕೀಗಳನ್ನು ಸರಿಯಾಗಿ ಜೋಡಿಸಿದ್ದೀರಿ, ಆ ಬಗ್ಗೆ ನನ್ನ ತಕರಾರಿಲ್ಲ.

ಇದು ನನ್ನ ಮೋಜಿನ ವಾಹನವಲ್ಲ. ಜನವರಿಯಿಂದ ಜೂನ್‌ವರೆಗೆ, ಪ್ರತಿ ತಿಂಗಳ ಆರಂಭದ ಹೊತ್ತಿಗೆ, ಬೆಟ್ಟಗಳಲ್ಲಿ ಹಿಮದ ಆಳ ಮತ್ತು ಅದರಲ್ಲಿರುವ ನೀರಿನ ಪ್ರಮಾಣವನ್ನು ಅಳೆಯುವುದು ನನ್ನ ಕೆಲಸ. ಉದ್ದನೆಯ ಕೊಳವೆಯನ್ನು ಹಿಮಕ್ಕೆ ಇಳಿಸಿ, ಒಳಗೆ ಸಿಕ್ಕ ಹಿಮವನ್ನು ತೂಗುತ್ತೇವೆ. ವಸಂತದಲ್ಲಿ ನದಿಗಳಿಗೆ ಎಷ್ಟು ನೀರು ಬರಬಹುದು, ನೆರೆಯ ಭಯ ಇದೆಯೇ ಎಂದು ಅಂದಾಜಿಸುವವರು ಈ ಅಂಕಿಗಳಿಗಾಗಿ ಕಾಯುತ್ತಾರೆ. ಮಾರ್ಚ್ ತಿಂಗಳ ಅಳತೆ ನಿಮ್ಮ ಕೆಲಸದಿಂದಾಗಿ ತಡವಾಯಿತು.

ಕೂಲರನ್ನು ನಿಮ್ಮ ಖರ್ಚಿನಲ್ಲಿ ಬದಲಿಸಿ, 8 ಹಲ್ಲಿನ ಡ್ರೈವರ್ ಮತ್ತು ನನ್ನ ತೂಕಕ್ಕೆ ಹೊಂದುವ ಸ್ಪ್ರಿಂಗ್ ಹಾಕಿ, ಲಿಮಿಟರ್ ಸ್ಟ್ರ್ಯಾಪ್ ಅನ್ನು ಬಿಗಿಗೊಳಿಸಿ ಕೊಡಬೇಕು. ಏಪ್ರಿಲ್ ಅಳತೆಗೆ ಮೊದಲು ಇದು ಆಗದಿದ್ದರೆ ಮಾರ್ಪಾಡಿನ ಪೂರ್ತಿ ಕೂಲಿಯನ್ನು ಹಿಂದಿರುಗಿಸಬೇಕು. ಎರಡೂ ಆಗದಿದ್ದರೆ, 5,000 ಡಾಲರ್‌ವರೆಗಿನ ತಕರಾರುಗಳನ್ನು ವಿಚಾರಿಸುವ ಪ್ರಾಂತ್ಯದ ಸಿವಿಲ್ ರೆಸೊಲ್ಯೂಷನ್ ಟ್ರಿಬ್ಯುನಲ್‌ಗೆ ಅರ್ಜಿ ಹಾಕುತ್ತೇನೆ.

ಬಿಲ್ಲಿನ ಪ್ರತಿ ಮತ್ತು ಕೂಲರಿನ ಫೋಟೋಗಳನ್ನು ಲಗತ್ತಿಸಿದ್ದೇನೆ. ಯಂತ್ರವನ್ನು ಬಿಚ್ಚಿದ ಸ್ಥಿತಿಯಲ್ಲೇ ಇಟ್ಟಿದ್ದೇನೆ. ನಿಮ್ಮ ಮೆಕ್ಯಾನಿಕ್ ಯಾವಾಗ ಬೇಕಾದರೂ ಬಂದು ಅಳತೆ ಹಿಡಿದು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕ